ತಲೆಗೆ ನೀರು ಬಿದ್ದ ಮೇಲೆ

ಜ್ವರ ಬಂದವರನ್ನು ನೋಡಲು ಬರುವವರು ಕಿತ್ತಳೆ ತರುತ್ತಾರೆ, ಬ್ರೆಡ್ಡು ತರುತ್ತಾರೆ, ತಮಗೂ ಇಂಥದ್ದೇ ಜ್ವರ ಬಂದು ಇನ್ನೇನು ಹೋಗಿಯೇ ಬಿಟ್ಟೆ ಅನ್ನುವಂತಾಗಿದ್ದ ಕಥೆಯನ್ನೂ ತರುತ್ತಾರೆ. ಜ್ವರ ಬಿಟ್ಟವರನ್ನು ನೋಡಲು ಮಾತ್ರ ಒಬ್ಬರೂ ಬರುವುದಿಲ್ಲ. ಇದು ದೊಡ್ಡ ಅನ್ಯಾಯ ಎಂದು ನಾನು ಬಹಳ ವರ್ಷಗಳಿಂದ ಹೇಳುತ್ತಲೇ ಇದ್ದೇನೆ, ನಮ್ಮ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಜ್ವರ ಇರುವಾಗ ಏನು ಕಷ್ಟ ಹೇಳಿ? ಕಣ್ಣು ಮುಚ್ಚಿಕೊಂಡು ಬಿದ್ದಿದ್ದರಾಯಿತು, ಗಂಜಿ ತಾನಾಗಿ ಬರುತ್ತದೆ. ಬಿಟ್ಟ ಮೇಲೆ ಎದ್ದು ಕೂರಬೇಕಲ್ಲ, ಗಂಜಿ ನಾವೇ ಬೇಯಿಸಬೇಕಲ್ಲ, ಪಾಡು ಶುರುವಾಗುವುದು ಅಲ್ಲಿಂದ.

ಈಗ ಇದೆಲ್ಲ ಯಾಕೆ ನೆನಪಾಯಿತೆಂದರೆ, ಮೊನ್ನೆ ಪಕ್ಕದ ಮನೆಯ ಶ್ರುತಿಗೆ ಗ್ರಂಥಿ ಜ್ವರ ಎಂದು ಗೊತ್ತಾಯಿತು. ಕಾಲೇಜಿಗೆ ಹೋಗುವ ಹುಡುಗಿ. ನೋಡಲು ಹೋದೆ, ಕಿತ್ತಳೆ ತೆಗೆದುಕೊಂಡೇ ಹೋದೆ. ಅವಳು ಫೋನಿನಿಂದ ಕಣ್ಣೆತ್ತಿ, "ಅಜ್ಜಿ, ಇದ್ರಲ್ಲಿ ಒಂದ್ಕಡೆ ವಾರ ಅಂತದೆ, ಇನ್ನೊಂದ್ಕಡೆ ತಿಂಗ್ಳು ಅಂತದೆ. ನಿಮ್ಗೂ ಬಂದಿತ್ತಂತಲ್ಲ, ಎಷ್ಟು ದಿವ್ಸ ಇತ್ತು?" ಎಂದು ಕೇಳಿದಳು. ನನಗೆ ಬಹಳ ಸಂತೋಷವಾಯಿತು. ಇಷ್ಟು ವರ್ಷದಲ್ಲಿ ನನ್ನನ್ನು ಈ ಪ್ರಶ್ನೆ ಕೇಳಿದವರು ಇವಳೊಬ್ಬಳೇ. ಚಾಪೆಯ ಮೇಲೆ ಸರಿಯಾಗಿ ಕೂತು, ಸೆರಗು ಸರಿಮಾಡಿಕೊಂಡು, ಮೊದಲಿನಿಂದ ಹೇಳತೊಡಗಿದೆ. ಜ್ವರ ಬರುವ ಮೊದಲಿನ ಮಳೆಗಾಲದವರೆಗೆ ಬಂದಿದ್ದೆ, ಅಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ಆ ಕಾಯಿಲೆಯವರ ಹತ್ತಿರ ಉದ್ದದ ಕಥೆ ಹೇಳಬಾರದು, ನನಗೇ ಗೊತ್ತಿರಬೇಕಿತ್ತು. ಹಾಗಾಗಿ ಉಳಿದದ್ದನ್ನು ನಿಮಗೆ ಹೇಳುತ್ತೇನೆ. ನಿಮಗೆ ನಿದ್ದೆ ಬಂದರೂ ನನಗೆ ಕಾಣುವುದಿಲ್ಲ.

ವಯನಾಡು ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ನಮ್ಮೂರು ಚೇಕಾಡಿಯಲ್ಲಿ ನಮಗೆ ಅದರಿಂದ ಆದ ಲಾಭವೆಂದರೆ ಮಾತಾಡಲು ಒಂದು ವಿಷಯ. ರಸ್ತೆ ಕೆಟ್ಟರೆ "ಜಿಲ್ಲೆ ಆಯ್ತಲ್ಲ, ಇನ್ನು ಸರಿಯಾಗ್ತದೆ", ಆನೆ ಗದ್ದೆಗೆ ಇಳಿದರೆ "ಜಿಲ್ಲೆ ಆಯ್ತಲ್ಲ, ಇನ್ನು ನೋಡ್ಕೋತಾರೆ". ಆನೆಗಳಿಗೆ ಈ ಸುದ್ದಿ ಯಾರೂ ಮುಟ್ಟಿಸಿರಲಿಲ್ಲ. ನಾನು ಹೊಳೆಯಾಚೆಯ ಕರ್ನಾಟಕದ ಕಡೆಯಿಂದ ಮರಕ್ಕಡವಿನಲ್ಲಿ ದೋಣಿ ಹತ್ತಿ ಹೊಳೆ ದಾಟಿ ಸೊಸೆಯಾಗಿ ಬಂದವಳು. ನಮ್ಮ ಗಂಡನ ಮನೆಯವರೂ ತಲೆಮಾರುಗಳ ಹಿಂದೆ ಹಾಗೇ ದಾಟಿ ಬಂದವರು. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮಲಯಾಳ. ಮನೆಯಲ್ಲಿ ಅತ್ತೆ, ನಮ್ಮವರು, ಮೈದುನ, ಮೈದುನನ ಹೆಂಡತಿ ಜಯ. ಜಗಲಿಯಲ್ಲಿ ಕೂತರೆ ಕೆಳಗೆ ಗದ್ದೆ, ಗದ್ದೆಯ ಸುತ್ತ ಕಾಡು.

ಈ ಗದ್ದೆಯಲ್ಲಿ ನನಗೊಂದು ಜಾಗವಿತ್ತು. ನಾಟಿಯ ದಿನ ಹೆಂಗಸರು ಸಾಲಾಗಿ ಬಗ್ಗಿ ನಿಂತು ಹಿಂದೆ ಹಿಂದೆ ಸರಿಯುತ್ತಾ ನೆಡುತ್ತಾರಲ್ಲ, ಆ ಸಾಲಿನ ಬಲತುದಿಯಲ್ಲಿ ನಿಲ್ಲುವವಳದ್ದೇ ಲೆಕ್ಕ. ಮೊದಲ ಪೈರು ಊರುವವಳು ಅವಳು, ಅವಳು ಸರಿದಂತೆ ಉಳಿದವರೂ ಸರಿಯಬೇಕು. ನಮ್ಮಲ್ಲಿ ಮುಯ್ಯಾಳಿನ ಪದ್ಧತಿ. ಇವತ್ತು ನಮ್ಮ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ನಾವು, ಕೂಲಿಯ ಮಾತಿಲ್ಲ. ಅಂದರೆ ಯಾರ ಗದ್ದೆಯೇ ಆಗಲಿ ಬಲತುದಿಯಲ್ಲಿ ನಾನೇ. ಬಂದ ಮರುವರ್ಷವೇ ಆ ಜಾಗ ನನಗೆ ಸಿಕ್ಕಿತ್ತು. ನನ್ನ ಕೈಯ ಚುರುಕು ನೋಡಿ ಅತ್ತೆಯೇ ನಿಲ್ಲಿಸಿದ್ದರು. ಕಲ್ಪೆಟ್ಟದಲ್ಲಿ ಯಾರೋ ಕಲೆಕ್ಟರ್ ಆಗಿದ್ದಾರೆ ಎಂದು ಜನ ಹೇಳುವಾಗ, ಆಗಲಿ ಪಾಪ, ನನಗೇನು ಕಡಿಮೆ ಎಂದುಕೊಳ್ಳುತ್ತಿದ್ದೆ.

ಇಂಥ ನನಗೆ ಮಳೆ ಹಿಡಿಯುವ ಹೊತ್ತಿಗೆ ಜ್ವರ ಬಂತು. ಮೊದಲು ಗಂಟಲು ನೋವು, ಎಂಜಲು ನುಂಗಿದರೂ ಮುಳ್ಳು ನುಂಗಿದ ಹಾಗೆ. ಆಮೇಲೆ ಕೊರಳಿನ ಎರಡೂ ಪಕ್ಕ ಗಡ್ಡೆ ಕಟ್ಟಿಕೊಂಡಿತು. ಅತ್ತೆ ನೋಡಿ ಮಂಗನಬಾವು ಅಂದರು. ಹತ್ತಿರದ ಡಾಕ್ಟರು ಗಂಟಲು ನೋಡಿ ಕ್ಯಾಪ್ಸೂಲು ಕೊಟ್ಟರು. ಅದನ್ನು ನುಂಗಿದ ಮೇಲೆ ಮೈತುಂಬ ಕೆಂಪು ಗಂದೆ ಎದ್ದಿತು. ಅಷ್ಟೇ ಸಾಕಾಯಿತು, ಅತ್ತೆ ಕೈ ಮುಗಿದು "ಅಮ್ಮ ಬಂದವ್ಳೆ" ಎಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿಬಿಟ್ಟರು. ಮನೆಯಲ್ಲಿ ಒಗ್ಗರಣೆ ಹಾಕುವುದು ನಿಂತಿತು. ನಮ್ಮವರು ಒಗ್ಗರಣೆಯಿಲ್ಲದ ಸಾರನ್ನು ಆದಷ್ಟು ದಿನ ತಡೆದುಕೊಂಡರು, ಆಮೇಲೆ ಜೀಪು ಮಾಡಿಸಿಕೊಂಡು ಪುಲ್ಪಳ್ಳಿಗೆ, ಅಲ್ಲಿಂದ ಬಸ್ಸಿನಲ್ಲಿ ಕಲ್ಪೆಟ್ಟಕ್ಕೆ ನನ್ನನ್ನು ಹೊರಡಿಸಿದರು. ಪ್ರೀತಿಯಿಂದಲೋ ಸಾರಿನ ದೆಸೆಯಿಂದಲೋ ಇವತ್ತಿಗೂ ನನಗೆ ಗೊತ್ತಿಲ್ಲ.

ಕಲ್ಪೆಟ್ಟದ ಡಾಕ್ಟರು ವಯಸ್ಸಾದವರು, ಅವಸರವಿಲ್ಲದ ಮನುಷ್ಯ. ಕೊರಳು ಮುಟ್ಟಿದರು, ಕಂಕುಳು ನೋಡಿದರು, ಎಡಪಕ್ಕೆಯ ಕೆಳಗೆ ಒತ್ತಿ ಗುಲ್ಮ ಊದಿಕೊಂಡಿದೆ ಎಂದರು, ರಕ್ತ ತೆಗೆಸಿದರು. ಕೊನೆಗೆ ಇದು ಗ್ರಂಥಿ ಜ್ವರ, ಅಮ್ಮ ಅಲ್ಲ, ಈ ಜ್ವರದವರಿಗೆ ಆ ಕ್ಯಾಪ್ಸೂಲು ಕೊಟ್ಟರೆ ಹೀಗೆ ಗಂದೆ ಏಳುವುದುಂಟು, ಇದಕ್ಕೆ ಬೇರೆ ಮದ್ದೇ ಇಲ್ಲ, ವಿಶ್ರಾಂತಿಯೇ ಮದ್ದು ಎಂದು ಮಲಯಾಳದಲ್ಲಿ ತಿಳಿಸಿ ಹೇಳಿದರು. ಜ್ವರ ಬೇಗ ಹೋಗುತ್ತದೆ, ಸುಸ್ತು ಮಾತ್ರ ತನಗೆ ಬೇಕಾದಾಗ ಹೋಗುತ್ತದೆ, ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು. ಅಲ್ಲಿಯವರೆಗೆ ಭಾರ ಎತ್ತಬೇಡ, ಮೈ ಕೇಳಿದಷ್ಟು ಮಲಗು ಅಂದರು. ಎಂಜಲಿನಿಂದ ಹರಡುವ ಜ್ವರ ಇದು ಅಂದರು. ಪಟ್ಟಣದ ಕಡೆ ಇದಕ್ಕೆ ಮುತ್ತಿಡುವವರ ಜ್ವರ ಎಂಬಂಥ ಹೆಸರೂ ಇದೆ ಎಂದು ನಗುತ್ತಾ ಹೇಳಿದಾಗ ನಮ್ಮವರ ಕಿವಿ ನನ್ನ ಗಂದೆಗಿಂತ ಕೆಂಪಾಯಿತು. ಆ ಭಾಗವನ್ನು ಅವರು ಮನೆಯಲ್ಲಿ ಹೇಳಲಿಲ್ಲ.

ಎಂಜಲಿನ ಭಾಗವನ್ನಷ್ಟೇ ಹೇಳಿದರು. ಅತ್ತೆಗೆ ಅದು ದಸರಾ ಬಂದ ಹಾಗಾಯಿತು. ಲೋಟ ಕಚ್ಚಿ ಕುಡಿಯಬೇಡಿ, ಎತ್ತಿ ಕುಡಿಯಿರಿ, ಒಬ್ಬರು ಕಡಿದದ್ದನ್ನು ಇನ್ನೊಬ್ಬರು ತಿನ್ನಬೇಡಿ, ಎಂಜಲು ಕೈಯನ್ನು ಪಾತ್ರೆಗೆ ಹಾಕಬೇಡಿ ಎಂದು ಅವರು ಆಯುಷ್ಯವೆಲ್ಲ ಬಡಿದುಕೊಂಡಿದ್ದರು. ನಾವು ಓದಿದ ಸೊಸೆಯಂದಿರು ಒಳಗೊಳಗೇ ನಗುತ್ತಿದ್ದೆವು. ಈಗ ಕಲ್ಪೆಟ್ಟದ ಡಾಕ್ಟರೇ ಅವರ ಪಕ್ಷ! "ನಾನೇನು ಹುಚ್ಚು ಹಿಡಿದು ಅಂತಿದ್ನಾ? ಈಗ ಕೇಳಿದ್ರಾ?" ಎಂದು ಬಂದವರಿಗೆಲ್ಲ ಹೇಳಿದರು. ಯಾರ ಎಂಜಲಿನಿಂದ ಬಂತು ಎಂದು ಬಂದವರು ಕೇಳಿದರೆ ಪುಲ್ಪಳ್ಳಿಯ ಚಾ ಅಂಗಡಿಗಳ ಕಡೆ ಕೈ ತೋರಿಸುತ್ತಿದ್ದರು. ನಮ್ಮವರು ಹೊರಗೆ ಕೊಟ್ಟಿಗೆ ಕಡೆ ಏನೋ ಕೆಲಸವಿದೆ ಎಂದು ಎದ್ದು ಹೋಗುತ್ತಿದ್ದರು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ಕಾಯಿಲೆ ಯಾವಾಗ ಮುಗಿಯಿತು ಎಂದು ಹೇಳುವುದು ಡಾಕ್ಟರಲ್ಲ, ಬಾಯಿಗಿಡುವ ಗಾಜಿನ ಕಡ್ಡಿಯೂ ಅಲ್ಲ. ಕಾಯಿಲೆಯಲ್ಲಿದ್ದಷ್ಟು ದಿನ ತಲೆಗೆ ನೀರು ಬೀಳಬಾರದು. ಒಂದು ದಿನ ಅತ್ತೆ ಲಕ್ಕಿ ಸೊಪ್ಪು ಹಾಕಿ ಹಂಡೆ ತುಂಬ ನೀರು ಕಾಯಿಸಿ, ತಾವೇ ನಿಂತು ತಲೆಗೆ ಹುಯ್ಯುತ್ತಾರೆ. ನೀರು ಬಿತ್ತೋ, ಕಾಯಿಲೆ ಮುಗಿಯಿತು. ಆಮೇಲೆ ನೀವು ಕೆಮ್ಮಿದರೂ ಅದು ಹೊಸ ಕೆಮ್ಮು. ಪಥ್ಯವೂ ಅಲ್ಲಿಗೆ ಮುಗಿಯಿತು, ಕಿತ್ತಳೆಯೂ ಮುಗಿಯಿತು, ಪೊರಕೆ ಕೈಗೆ ಬಂತು. ಇದನ್ನು ಮೂಢನಂಬಿಕೆ ಅನ್ನಬೇಡಿ. ಹಳೆಯ ವೈದ್ಯಶಾಸ್ತ್ರದಲ್ಲಿ ಜ್ವರವೇ ರೋಗಗಳ ರಾಜನಂತೆ. ಅದು ಬಿಟ್ಟ ಮೇಲೂ ಮೈಗೆ ಬಲ ಬರುವತನಕ ಸ್ನಾನ, ದುಡಿಮೆ, ಓಡಾಟ ಯಾವುದೂ ಕೂಡದಂತೆ. ನಮ್ಮ ತವರಿನ ಕಡೆಯ ವೈದ್ಯರೊಬ್ಬರು ಇದನ್ನು ವಿವರವಾಗಿ ಹೇಳುತ್ತಿದ್ದರು. ಬಲ ಬಂದಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂದು ಕೇಳಿದರೆ ಮಾತ್ರ ನಸ್ಯದ ಡಬ್ಬಿ ಹುಡುಕತೊಡಗುತ್ತಿದ್ದರು. ರಾಜ ಬರುವಾಗ ಡೋಲು ಬಡಿಸಿಕೊಂಡು ಬಂದು, ಹೋಗುವಾಗ ಹೇಳದೆ ಹೋದರೆ ಯಾರಿಗೆ ತಾನೇ ಗೊತ್ತಾಗಬೇಕು?

ನನ್ನ ಜ್ವರ ನಿಂತಿತು, ಗಂದೆ ಇಳಿಯಿತು. ಗಡ್ಡೆ ಸ್ವಲ್ಪ ಉಳಿದಿತ್ತು. ಕೆಳಗೆ ಪೈರು ನಾಟಿಗೆ ಬಂದಿತ್ತು. ಜಗಲಿಗೆ ಬಂದು ನೋಡುವುದು, ಒಳಗೆ ಹೋಗುವುದು, ಮತ್ತೆ ಬಂದು ನೋಡುವುದು, ನನ್ನ ಕೆಲಸ ಇಷ್ಟೇ. ನಾನಿಲ್ಲದಿದ್ದರೆ ಬಲತುದಿಗೆ ಯಾರು? ಜಯ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವುದೇನೂ ಬೇಕಿರಲಿಲ್ಲ. ಜಯ ಒಳ್ಳೆಯವಳು. ನನಗಿಂತ ಚಿಕ್ಕವಳು, ಮಾತು ಕಮ್ಮಿ, ನನಗೆ ಗಂಜಿ ತಂದುಕೊಟ್ಟು ಲೋಟ ತೊಳೆದವಳು ಅವಳೇ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದೇ ಒಂದು ಕಾರಣ ಸಿಗದೆ ನಾನು ಬಹಳ ಕಷ್ಟಪಟ್ಟೆ.

"ಅತ್ತೆ, ತಲೆಗೆ ನೀರು ಹಾಕ್ಬಿಡಿ" ಎಂದೆ.

"ಸುಸ್ತು ಹೋಯ್ತಾ?"

"ಎಲ್ಲೈತೆ ಸುಸ್ತು? ಕಲ್ಲು ಹಂಗಿವ್ನಿ."

"ಇನ್ನೊಂದು ವಾರ ಹೋಗ್ಲಿ ಕನಮ್ಮಿ. ಮುಖ ನೋಡ್ಕೊ, ಸುಣ್ಣ ಬಳ್ದಂಗದೆ."

ನಾನು ಬಿಡಲಿಲ್ಲ. ಗೋಳು ಹೊಯ್ದುಕೊಂಡೆ. ತಲೆ ತುರಿಸುತ್ತದೆ ಎಂದೆ, ಹೇನಾಗಿದೆ ಎಂದೂ ಹೇಳಿದೆ. ಹೇನು ಎಂದ ಮೇಲೆ ಅತ್ತೆ ತಡೆಯಲಿಲ್ಲ. ಹಂಡೆ ಏರಿತು, ಲಕ್ಕಿ ಸೊಪ್ಪು ಬೆಂದಿತು, ತಲೆಗೆ ನೀರು ಬಿತ್ತು. ಬಚ್ಚಲಿನಿಂದ ಹೊರಗೆ ಬರುವಾಗ ಗೋಡೆ ಹಿಡಿದುಕೊಂಡು ಬಂದೆ, ಆದರೆ ಕಾಯಿಲೆಯವಳಾಗಿ ಅಲ್ಲ.

ನಾಟಿಯ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿ ಗದ್ದೆಗಿಳಿದೆ. ಬಲತುದಿಯಲ್ಲಿ ನಿಂತೆ. ಮೊದಲ ಪೈರು ಊರಿದೆ. ಮೊದಲ ಕಟ್ಟು ಪೈರು ಮುಗಿಯುವ ಹೊತ್ತಿಗೆ ಗದ್ದೆಯ ನೀರು ಆಕಾಶಕ್ಕೂ ಆಕಾಶ ಗದ್ದೆಗೂ ಬಂತು. ಕೂತುಬಿಟ್ಟೆ, ಕೆಸರಿನಲ್ಲೇ, ಕೈಯಲ್ಲಿ ಇನ್ನೂ ಪೈರು ಹಿಡಿದುಕೊಂಡು. ಸಾಲು ನಿಂತಿತು. ನಮ್ಮವರು ಬದುವಿನ ಮೇಲಿಂದ ಓಡಿ ಬಂದರು. ಜಯ ನನ್ನ ಬೆರಳು ಬಿಡಿಸಿ ಪೈರು ತೆಗೆದುಕೊಂಡಳು, ನಾನು ಬದುವಿಗೆ ಹೋಗಿ ಸೇರುವುದನ್ನು ನೋಡಿದಳು, ಬಲತುದಿಗೆ ಹೋಗಿ ನಿಂತಳು. ಬೇರೆ ಏನು ಮಾಡಬೇಕಿತ್ತು ಅವಳು? ನೆಡುವ ಕೆಲಸ ನಿಲ್ಲಿಸಲು ಆಗುತ್ತದೆಯೇ? ಆದರೂ ನನ್ನ ಹೊಟ್ಟೆ ಉರಿದುಹೋಯಿತು. ಕೆಸರು ಮೆತ್ತಿದ ಕೈಯಲ್ಲೇ ಕಣ್ಣು ಒರೆಸಿಕೊಂಡದ್ದರಿಂದ ಅತ್ತದ್ದು ಯಾರಿಗೂ ತಿಳಿಯಲಿಲ್ಲ.

ಈಗ ಮನೆಯಲ್ಲಿ ಒಂದು ದೊಡ್ಡ ಸಮಸ್ಯೆ ಎದ್ದಿತು. ನನಗೆ ಕೂರಲು ಆಗುವುದಿಲ್ಲ, ನಿಲ್ಲಲು ಮೊದಲೇ ಆಗುವುದಿಲ್ಲ. ಆದರೆ ತಲೆಗೆ ನೀರು ಬಿದ್ದಾಗಿದೆ, ಕಾಯಿಲೆ ಇಲ್ಲ. ಮತ್ತೆ ಮಲಗಿಸಿ, ಮತ್ತೆ ಒಂದು ದಿನ ನೀರು ಹಾಕೋಣ ಎಂದು ನಮ್ಮವರು ಸಲಹೆ ಕೊಟ್ಟರು. ಅತ್ತೆ ಹೌಹಾರಿದರು.

"ಕಳ್ಸಿಕೊಟ್ಟ ನೆಂಟ್ರನ್ನ ಎರಡು ದಪ ಕಳ್ಸಿಕೊಡ್ತಾರೇನ್ಲಾ? ಓಹೋ ನಾನಿನ್ನೂ ಇಲ್ಲೇ ಇವ್ನಿ ಅಂತ ಅದು ತಿರ್ಗಾ ಬಂದು ಚಾಪೆ ಹಾಸ್ಕೋತದೆ. ಒಂದು ಜರಕ್ಕೆ ಒಂದೇ ನೀರು."

ಹಾಗೆಂದು ಸೊಸೆಯನ್ನು ಕೆಲಸಕ್ಕೆ ಹಚ್ಚುವಷ್ಟು ಕಲ್ಲು ಮನಸ್ಸೂ ಅವರದಲ್ಲ. ಒಂದು ಬೆಳಗ್ಗೆ ಅವರೇ ಜಗಲಿಯಲ್ಲಿ ಚಾಪೆ ಹಾಸಿ, ದಿಂಬಿಟ್ಟು, ಕಂಬಳಿ ತಂದು, ನನ್ನನ್ನು ಅಲ್ಲಿ ಮಲಗಿಸಿದರು. ಅಂಗಳಕ್ಕೆ ಕೋಳಿಯನ್ನೂ ಮರಿಗಳನ್ನೂ ಬಿಟ್ಟರು. "ಮರಿ ಕಾಯಿ. ಹದ್ದು ಬಂದಾತು" ಎಂದರು. ಅಲ್ಲಿಂದ ಮುಂದೆ ಯಾರು ಬಂದು ಇದೇನು ಹಗಲುಹೊತ್ತು ಮಲಗಿದ್ದಾಳೆ ಎಂದು ಕೇಳಿದರೂ ಅತ್ತೆಯ ಉತ್ತರ ಒಂದೇ: "ಮಲ್ಗಿಲ್ಲ. ಕೋಳಿ ಕಾಯ್ತಾವ್ಳೆ."

ಲೋಕದಲ್ಲಿ ಕಂಬಳಿ ಹೊದ್ದು, ಬಾಯಿ ತೆರೆದು, ಗೊರಕೆ ಹೊಡೆಯುತ್ತಾ ಕೋಳಿ ಕಾದವಳು ನಾನೊಬ್ಬಳೇ ಇರಬೇಕು. ಒಂದು ಸಲ ಎಚ್ಚರವಾಗಿ ನೋಡಿದರೆ ಒಂದು ಮರಿ ಕಡಿಮೆ. ಹೆದರಿ ಅತ್ತೆಗೆ ಹೇಳಿದೆ. "ಹೋಗ್ಲಿ ಬಿಡು, ಅದ್ಕೂ ಹೊಟ್ಟೆ ಅದೆ" ಎಂದರು. ಅದೇ ಮರಿಯನ್ನು ಜ್ವರಕ್ಕೆ ಮುಂಚೆ ಕಳೆದಿದ್ದರೆ ನನ್ನ ತವರಿನವರೆಗೂ ಬೈಗುಳ ಹೊಳೆ ದಾಟಿ ಹೋಗುತ್ತಿತ್ತು. ನಮ್ಮವರಂತೂ ಸಂಜೆ ಮನೆಗೆ ಬಂದವರೇ, "ಏನಮ್ಮಾ, ಇವತ್ತು ಡೂಟಿ ಹೆಂಗಾಯ್ತು?" ಎಂದು ಕೇಳದೆ ಕಾಲು ತೊಳೆಯುತ್ತಿರಲಿಲ್ಲ.

ಆ ಸುಸ್ತನ್ನು ಹೇಗೆ ಹೇಳಲಿ? ದುಡಿದ ಸುಸ್ತು ಬೇರೆ, ಅದಕ್ಕೆ ಉಂಡು ಮಲಗಿದರೆ ಗುಣ. ಇದು ಮಲಗಿ ಎದ್ದರೆ ಇನ್ನೂ ಜಾಸ್ತಿ. ತಲೆ ಬಾಚಿಕೊಂಡರೆ ಕೈ ಇಳಿಸಿ ವಿರಮಿಸಬೇಕು. ಒಂದು ದಿನ ಲವಲವಿಕೆ ಎನಿಸಿ ಅಂಗಳ ಗುಡಿಸಿದರೆ ಮರುದಿನ ಪೂರ್ತಿ ಅದರ ದಂಡ. ಕೆನ್ನೆ ಮಾತ್ರ ತುಂಬಿಕೊಂಡು ಫಳಫಳ ಎನ್ನುತ್ತಿತ್ತು, ನೋಡಿದವರಿಗೆಲ್ಲ ಇದು ಸೋಮಾರಿತನ ಅನ್ನಿಸಿ ನನ್ನ ಮಾನವೇ ಹೋಯಿತು. ನಮ್ಮ ನೆರೆಯ ಏಲಿಯಮ್ಮ, ಎಲ್ಲರ ಬಾಯಲ್ಲಿ ಚೇಡತ್ತಿ ಅಂದರೆ ದೊಡ್ಡಕ್ಕ, ಒಬ್ಬರೇ ನನ್ನ ಕಷ್ಟ ತಿಳಿದವರು. ಬೆಟ್ಟದ ಕೆಳಗಿನ ನಾಡಿನಿಂದ ಬಂದು ಕಾಡಂಚಿನಲ್ಲಿ ನೆಲೆ ನಿಂತ ಮುದುಕಿ. ಬೇಯಿಸಿದ ಮರಗೆಣಸು ಎಲೆಯಲ್ಲಿ ಕಟ್ಟಿ ತಂದು, "ಕ್ಷೀಣಂ ಮಾರಿಯೋ ಮೋಳೇ?" ಸುಸ್ತು ಹೋಯಿತೇ ಮಗಳೇ, ಎಂದು ಕೇಳುತ್ತಿದ್ದರು. ಜ್ವರ ಹೋಯಿತೇ ಎಂದಲ್ಲ, ಸುಸ್ತು ಹೋಯಿತೇ ಎಂದು. ಆ ಒಂದು ಪ್ರಶ್ನೆಗೆ ನನ್ನ ಕಣ್ಣು ತುಂಬುತ್ತಿತ್ತು. ಅತ್ತೆ ಒಳಗಿನಿಂದಲೇ ಮಲಯಾಳದಲ್ಲಿ, ಅವಳಿಗೆ ಏನೂ ಇಲ್ಲ ಚೇಡತ್ತಿ, ಕೋಳಿ ನೋಡುತ್ತಿದ್ದಾಳೆ ಎಂದು ಕೂಗುತ್ತಿದ್ದರು. ಇಬ್ಬರು ಮುದುಕಿಯರೂ ಅದನ್ನು ನಂಬಿದವರ ಹಾಗೆ ತಲೆಯಾಡಿಸುತ್ತಿದ್ದರು.

ಕೋಳಿ ಕಾಯುವ ಕೆಲಸದಲ್ಲಿ ಒಂದು ತೊಂದರೆ ಇತ್ತು. ಅಲ್ಲಿಂದ ಗದ್ದೆ ಕಾಣುತ್ತಿತ್ತು. ನಮ್ಮದು ಮುಗಿದ ಮೇಲೆ ಮುಯ್ಯಾಳಿನವರು ಅಕ್ಕಪಕ್ಕದ ಗದ್ದೆಗಳಲ್ಲಿ ನೆಡುತ್ತಿದ್ದರು. ಬಲತುದಿಯಲ್ಲಿ ಜಯ. ನಾನು ತಪ್ಪು ಹುಡುಕಲು ಕಣ್ಣು ಕಿರಿದು ಮಾಡಿ ನೋಡಿದೆ. ಸಿಕ್ಕಿತು, ಎಷ್ಟು ನಿಧಾನ! ಒಂದು ಕಟ್ಟು ಮುಗಿದರೆ ಸೊಂಟ ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಾಳೆ, ಸಾಲಿನ ಉದ್ದಕ್ಕೂ ಒಮ್ಮೆ ನೋಡುತ್ತಾಳೆ, ಆಮೇಲೆ ಬಗ್ಗುತ್ತಾಳೆ. ಎಡತುದಿಯಲ್ಲಿದ್ದವಳು ಪುಟ್ಟಮ್ಮಜ್ಜಿ, ನಾಟಿಗೆ ಬರುವವರಲ್ಲೆಲ್ಲ ಹಿರಿಯಳು. ಅವಳು ತನ್ನ ಪೈರು ಮುಗಿಸಿ ತಲೆ ಎತ್ತುವತನಕ ಜಯ ಹಿಂದಕ್ಕೆ ಸರಿಯುತ್ತಿರಲಿಲ್ಲ. ಹೀಗೆ ನೆಟ್ಟರೆ ಈ ವರ್ಷ ಮುಗಿದ ಹಾಗೇ ಎಂದು ನಮ್ಮವರ ಹತ್ತಿರ ಹೇಳಿದೆ. ಅವರು "ನಿನ್ನೆಯೇ ಮುಗೀತಲ್ಲ ಮೇಲಿನ ಗದ್ದೆ" ಎಂದರು. ನಾನು ನಂಬಲಿಲ್ಲ. ಮೇಲಿನ ಗದ್ದೆ ನಿಜವಾಗಿಯೂ ಹಸಿರಾಗಿತ್ತು. ಅದು ನನಗೆ ಜ್ವರಕ್ಕಿಂತ ಹೆಚ್ಚು ಸಂಕಟ ಕೊಟ್ಟಿತು.

ಹೀಗೆ ನಾನು ಕೋಳಿ ಕಾದೆ, ಕೋಳಿ ಮರಿಗಳು ಹುಂಜಗಳಾದವು. ಮಳೆ ಹೋಯಿತು. ಕೋಳಿಯಿಂದ ನನಗೆ ಬಡ್ತಿಯಾಗಿ ಒಣಗಲು ಹಾಕಿದ ಕಾಫಿಯ ಕಾವಲಿಗೆ ಹೋದೆ. ಗಂಧಕಸಾಲೆ ಭತ್ತದ ಕೊಯ್ಲು ಬಂತು, ಸ್ವಲ್ಪ ಕೊಯ್ದೆ, ಜಾಸ್ತಿ ಕೂತೆ. ಯಾವ ದಿನ ಸುಸ್ತು ಹೋಯಿತು ಎಂದು ಕೇಳಿದರೆ ನನಗೆ ಹೇಳಲು ಬಾರದು. ಒಂದು ದಿನ ಹೊಳೆಯ ಕಡೆಯಿಂದ ಏರು ಹತ್ತಿ ಮನೆಗೆ ಬಂದು, ನೀರು ಕುಡಿದು, ಸಾರಿಗೆ ಹುಳಿ ಕಿವುಚಿದ ಮೇಲೆ, ಅರೆ, ನಾನು ನಡುವೆ ಎಲ್ಲೂ ಕೂರಲೇ ಇಲ್ಲವಲ್ಲ ಎಂದು ನೆನಪಾಯಿತು. ಸುಸ್ತು ಹೇಳದೆ ಹೋಗಿತ್ತು. ಎಷ್ಟು ದಿನದ ಹಿಂದೆ ಹೋಯಿತೋ.

ಮತ್ತೆ ಮಳೆ ಹಿಡಿಯಿತು, ಪೈರು ಬಂತು. ನಾಟಿಯ ಹಿಂದಿನ ಸಂಜೆ ಪಾತ್ರೆ ತೊಳೆಯುವಾಗ ಜಯ, "ಅಕ್ಕ, ನಾಳೆ ನೀವೇ ಬಲಗಡೆ. ನಿಮ್ಮ ಜಾಗ ಅದು" ಎಂದಳು. ಅಷ್ಟೇ ಹೇಳಿದಳು. ನಾನು ಬಿಂಕದಿಂದ, "ನೋಡಾಣ" ಎಂದೆ. ಒಳಗೆ ಎಷ್ಟು ಹಿಗ್ಗಿದೆನೆಂದರೆ ಸರಿಯಾಗಿ ಊಟ ಸೇರಲಿಲ್ಲ.

ಬೆಳಗ್ಗೆ ಬಲತುದಿಯಲ್ಲಿ ನಿಂತೆ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಮೊದಲ ಪೈರು ಊರಿದೆ, ಕೈ ತನ್ನ ಹಳೆಯ ಓಟ ಹಿಡಿಯಿತು. ಅಬ್ಬ, ಏನು ಸುಖ! ಒಂದು ಕಟ್ಟು ಮುಗಿಯಿತು, ಎರಡು ಮುಗಿಯಿತು, ಮೈ ನನ್ನದೇ, ಕಾಲು ನನ್ನದೇ. ಆಗ ಒಂದು ಸದ್ದು ಕೇಳಿತು. ಸಾಲಿನ ಉದ್ದಕ್ಕೂ ಉಬ್ಬಸ. ಯಾರೂ ಮಾತಾಡುತ್ತಿಲ್ಲ, ಎಲ್ಲರೂ ಏದುಸಿರು ಬಿಡುತ್ತಾ ನನ್ನನ್ನು ಹಿಡಿಯಲು ನೋಡುತ್ತಿದ್ದಾರೆ. ಎಡತುದಿಯಲ್ಲಿ ಪುಟ್ಟಮ್ಮಜ್ಜಿ ಒಂದು ಕೈ ಮೊಣಕಾಲಿಗೆ ಊರಿ ಇನ್ನೊಂದು ಕೈಯಲ್ಲಿ ನೆಡುತ್ತಿದ್ದಾಳೆ. ಈ ಸದ್ದು ಪ್ರತಿ ವರ್ಷವೂ ಇದ್ದಿರಬೇಕು. ತಲೆ ಬಾಚಿ ಕೈ ಇಳಿಸಿ ಕೂತಿದ್ದ ಕಾಲ ಒಂದು ಬರದೇ ಹೋಗಿದ್ದರೆ ಅದು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಪುಟ್ಟಮ್ಮಜ್ಜಿ ತಲೆ ಎತ್ತಿ ನನ್ನನ್ನು ನೋಡಿ, ಉಸಿರಿನ ನಡುವೆಯೂ ನಕ್ಕು, "ವಾಸಿಯಾಯ್ತು ಕನವ್ವ ನಿಂಗೆ. ಯಾರೂ ಹೇಳ್ಬೇಕಿಲ್ಲ, ನನ್ನ ಸೊಂಟ ಹೇಳ್ತಾ ಅದೆ" ಎಂದಳು.

ನಾನು ನೆಟ್ಟಗಾದೆ. ಬದುವಿನ ಮೇಲೆ ಮಳೆಗೆ ಎಲೆಯ ಗೊರಗೆ ಹಾಕಿಕೊಂಡು ಕೂತಿದ್ದ ಅತ್ತೆಗೆ ಕೇಳಿಸುವಂತೆ, "ಜಯ, ನೀನು ಈ ಕಡೆ ಬಾ. ನಂಗ್ಯಾಕೋ ಆಯ್ತಾ ಇಲ್ಲ" ಎಂದೆ.

ಜಯ ಕಣ್ಣು ಅಗಲ ಮಾಡಿ ನೋಡಿದಳು. ಅತ್ತೆ ಗೊರಗೆಯ ಕೆಳಗಿನಿಂದ ನನ್ನ ಮುಖವನ್ನು ದಿಟ್ಟಿಸಿದರು. ಆ ಮುಖದಲ್ಲಿ ಸುಣ್ಣವಿರಲಿಲ್ಲ, ಏನೂ ಇರಲಿಲ್ಲ, ಬೆವರು ಸಹ ಇರಲಿಲ್ಲ. ಅವರಿಗೆ ತಿಳಿಯದೇ ಇದ್ದೀತೇ?

"ಇನ್ನೂ ಅದಾ ಆ ಸುಸ್ತು?" ಎಂದರು.

"ಇನ್ನೂ ಒಸಿ ಅದೆ ಅತ್ತೆ."

ತಲೆಗೆ ನೀರು ಹಾಕಿದ ಮೇಲೆ ಕಾಯಿಲೆ ಉಳಿಯುತ್ತದೆ ಎಂದು ಅವರು ಆಯುಷ್ಯದಲ್ಲಿ ಎಂದೂ ಒಪ್ಪಿದವರಲ್ಲ. "ಇರ್ತದೆ, ಇರ್ತದೆ" ಎಂದರು. "ಹೋಗು, ಎಡಗಡೆ ನಿಂತ್ಕೊ. ಮೆಲ್ಲಕೆ ನೆಡು."

ಹೋಗಿ ಪುಟ್ಟಮ್ಮಜ್ಜಿಯ ಪಕ್ಕದಲ್ಲಿ ನಿಂತೆ. ಜಯ ಸಾಲನ್ನೊಮ್ಮೆ ನೋಡಿ ಬಗ್ಗಿದಳು. ಉಸಿರುಗಳು ಸರಿಯಾದವು, ಬಾಯಿಗಳು ತೆರೆದವು. ಆಗ ನನಗೆ ಗೊತ್ತಾಯಿತು, ಇಡೀ ಚೇಕಾಡಿಯ ಸುದ್ದಿಯೆಲ್ಲ ಇರುವುದು ಎಡತುದಿಯಲ್ಲಿ. ಯಾರ ಮನೆಗೆ ಯಾರು ಹೆಣ್ಣು ಕೇಳಲು ಬಂದರು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಹೊಸ ಜಿಲ್ಲೆಯ ಆಫೀಸಿಗೆ ಹೋದ ನಮ್ಮ ಮೈದುನ ಬಾಗಿಲು ತಪ್ಪಿ ಯಾರ ಮನೆಯ ಅಡಿಗೆಮನೆಗೆ ನುಗ್ಗಿದ್ದ, ಎಲ್ಲವೂ. ಇಷ್ಟು ವರ್ಷ ನಾನು ಬಲತುದಿಯಲ್ಲಿ ಒಬ್ಬಳೇ ಓಡುತ್ತಾ ಇದೊಂದನ್ನೂ ಕೇಳದೆ ಬದುಕಿದ್ದೆನಲ್ಲ, ಥೂ ನನ್ನ! ನಗುತ್ತಾ ನಗುತ್ತಾ ಸಂಜೆಯೊಳಗೆ ಗದ್ದೆ ಮುಗಿಯಿತು.

ಶ್ರುತಿಗೆ ಎಚ್ಚರವಾದಾಗ ನಾನಿನ್ನೂ ಅಲ್ಲೇ ಕೂತಿದ್ದೆ. "ಎಷ್ಟು ದಿವ್ಸ ಇತ್ತು ಅಂತ ಹೇಳ್ಲೇ ಇಲ್ಲ ಅಜ್ಜಿ" ಎಂದಳು. ಅವಳ ಪರೀಕ್ಷೆ ಹತ್ತಿರವಿದೆ, ಓಡುವ ಆತುರ ಕಣ್ಣಿನಲ್ಲೇ ಕಾಣುತ್ತಿತ್ತು. ಡಾಕ್ಟರು ಹೇಳಿದ್ದನ್ನೇ ಹೇಳಿದೆ, ವಾರಗಳೂ ಇರಬಹುದು, ತಿಂಗಳುಗಳೂ ಇರಬಹುದು, ಮೈ ಕೇಳಿದಷ್ಟು ಮಲಗು. ಅವಳ ಮುಖ ಸಪ್ಪಗಾಯಿತು.

"ನಿಮ್ಗೆ ಪೂರ್ತಿ ಹೋಯ್ತು ತಾನೆ?"

"ಎಲ್ಲಿ ಹೋಯ್ತು ಮಗ? ಈ ವರ್ಷದ ನಾಟೀಲೂ ಎಡಗಡೇನೆ ನಿಂತಿದ್ದೆ" ಎಂದು ಹೇಳಿ, ಅವಳಿಗೊಂದು ಕಿತ್ತಳೆ ಸುಲಿದುಕೊಟ್ಟೆ.